ಸರ್ಕಾರಿ ಟೆಂಡರ್‌ಗೆ ಪ್ರಸ್ತಾವನೆ ಬರೆಯುವ ಕೆಲಸ: ಪ್ರಕಟಣೆಯಿಂದ ಅಪ್‌ಲೋಡ್‌ವರೆಗೆ ಸಮಗ್ರ ಮಾರ್ಗದರ್ಶಿ

ಜಿಲ್ಲಾ ಕೇಂದ್ರದ ಒಂದು ಸಣ್ಣ ಎಂಜಿನಿಯರಿಂಗ್ ಸಂಸ್ಥೆ. ಒಳ್ಳೆಯ ಹುಡುಗರಿದ್ದಾರೆ, ಒಳ್ಳೆಯ ಕೆಲಸ ಮಾಡುತ್ತಾರೆ. ಆದರೆ ಟೆಂಡರ್ ಹಾಕಿದಾಗೆಲ್ಲ ತಾಂತ್ರಿಕ ಹಂತದಲ್ಲೇ ಹೊರಬೀಳುತ್ತಾರೆ. ಕಾರಣ ಹುಡುಕಿದರೆ ಇಷ್ಟೇ: ಒಂದು ಪ್ರಮಾಣಪತ್ರದಲ್ಲಿ ಬೇಕಾದ ಸಂಖ್ಯೆ ಇಲ್ಲ, ಅಥವಾ ಇಲಾಖೆ ಕೊಟ್ಟ ನಮೂನೆ ಬಿಟ್ಟು ತಮ್ಮದೇ ಲೆಟರ್‌ಹೆಡ್ಡಿನಲ್ಲಿ ಏನೋ ಬರೆದಿದ್ದಾರೆ. ಇಂಥ ಸಂಸ್ಥೆಗಳು ನಮ್ಮಲ್ಲಿ ಬಹಳ ಇವೆ. ಕೆಲಸ ಬಲ್ಲವರು ಕಾಗದದಲ್ಲಿ ಸೋಲದ ಹಾಗೆ ನೋಡಿಕೊಳ್ಳುವುದೇ ಪ್ರಸ್ತಾವನೆ ಬರೆಯುವವರ ಕೆಲಸ.

ಬೆಂಗಳೂರಿನ ಐಟಿ ಮತ್ತು ಕನ್ಸಲ್ಟೆನ್ಸಿ ಕಂಪನಿಗಳಲ್ಲಿ ಇದಕ್ಕೆ ಪ್ರಪೋಸಲ್ ರೈಟರ್, ಬಿಡ್ ಮ್ಯಾನೇಜರ್ ಅಂತ ಹುದ್ದೆಗಳೇ ಇವೆ. ಜಿಲ್ಲೆಗಳಲ್ಲಿ ‘ಟೆಂಡರ್ ಹಾಕಿಕೊಡುವವರು’ ಅನ್ನುತ್ತಾರೆ. ಇಂಥದ್ದೇ ಡಿಗ್ರಿ ಬೇಕು ಅಂತೇನೂ ಇಲ್ಲ. ತಾಳ್ಮೆಯಿಂದ ಓದುವ ಅಭ್ಯಾಸ ಇರಬೇಕು, ಸರಳವಾದ ಇಂಗ್ಲಿಷ್ ಬರೆಯಲು ಬರಬೇಕು, ಎಕ್ಸೆಲ್ ಗೊತ್ತಿರಬೇಕು. ದೊಡ್ಡ ಟೆಂಡರ್‌ಗಳ ಕಡತ ಬಹುತೇಕ ಇಂಗ್ಲಿಷಿನಲ್ಲೇ ಇರುತ್ತದೆ. ಆದರೆ ಸುತ್ತೋಲೆ, ಆದೇಶ, ನಡಾವಳಿಗಳು ಕನ್ನಡದಲ್ಲಿರುತ್ತವೆ. ಎರಡನ್ನೂ ಸಲೀಸಾಗಿ ಓದುವವರು ಇಲ್ಲಿ ಬೇಗ ಬೆಳೆಯುತ್ತಾರೆ.

ಮೊದಲು ಕಾನೂನಿನ ಗುರುತು ಇರಲಿ

ಕರ್ನಾಟಕ ಸರ್ಕಾರದ ಇಲಾಖೆ, ನಿಗಮ, ಮಂಡಳಿ, ಸ್ಥಳೀಯ ಸಂಸ್ಥೆಗಳ ಖರೀದಿಗೆ 1999ರ ‘ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ’ ಅನ್ವಯಿಸುತ್ತದೆ. ಎಲ್ಲರೂ ಕೆಟಿಪಿಪಿ ಕಾಯ್ದೆ ಅಂತಲೇ ಕರೆಯುತ್ತಾರೆ. ಅದರ ನಿಯಮಗಳು 2000ದಲ್ಲಿ ಬಂದವು. ಟೆಂಡರ್‌ಗಳು ರಾಜ್ಯದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಪ್ರಕಟವಾಗುತ್ತವೆ. ಕೇಂದ್ರ ಸರ್ಕಾರದ ಖರೀದಿಗೆ ಸಾಮಾನ್ಯ ಹಣಕಾಸು ನಿಯಮಗಳಿವೆ, ಅಂದರೆ ಜಿಎಫ್‌ಆರ್ 2017. ಅಲ್ಲಿನ ಟೆಂಡರ್‌ಗಳಿಗೆ ಕೇಂದ್ರದ ಖರೀದಿ ಜಾಲತಾಣ ಸಿಪಿಪಿಪಿ ಪೋರ್ಟಲ್ ಇದೆ. ಸರಕು ಮತ್ತು ಸಾಮಾನ್ಯ ಸೇವೆಗಳಿಗೆ 2016ರಲ್ಲಿ ಶುರುವಾದ ಜೆಮ್ ಪೋರ್ಟಲ್, ಅಂದರೆ ಸರ್ಕಾರದ ಆನ್‌ಲೈನ್ ಮಾರುಕಟ್ಟೆ ಇದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಒಂದು ಉದಾಹರಣೆ ನೋಡಿ. ಸಣ್ಣ ಉದ್ಯಮಗಳಿಗೆ ಇಎಂಡಿಯಿಂದ (ಬಿಡ್ ಜೊತೆ ಕಟ್ಟಬೇಕಾದ ಠೇವಣಿ) ವಿನಾಯಿತಿ ಕೊಡುವ 2012ರ ಆದೇಶ ಕೇಂದ್ರದ ಸಚಿವಾಲಯ, ಇಲಾಖೆ ಮತ್ತು ಸಾರ್ವಜನಿಕ ಉದ್ದಿಮೆಗಳಿಗೆ ಸಂಬಂಧಿಸಿದ್ದು. ‘ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ ಇದೆಯಲ್ಲ, ಇಎಂಡಿ ಬೇಡ’ ಅಂದುಕೊಂಡು ರಾಜ್ಯದ ಟೆಂಡರ್‌ಗೆ ಠೇವಣಿ ಕಟ್ಟದೆ ಹೋದರೆ ಬಿಡ್ ತಿರಸ್ಕಾರ ಆಗಬಹುದು. ಆ ಟೆಂಡರ್ ಕಡತದಲ್ಲೇ ವಿನಾಯಿತಿ ಬರೆದಿದ್ದರೆ ಮಾತ್ರ ನಂಬಿ.

ಮೀಸಲಾತಿಯ ವಿಷಯವೂ ಹೀಗೆ. ರಾಜ್ಯದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ 17.15%, ಪರಿಶಿಷ್ಟ ಪಂಗಡದವರಿಗೆ 6.95% ಮೀಸಲಿದೆ. ಮೊದಲು 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಿದ್ದ ಇದನ್ನು 2023ರಲ್ಲಿ 1 ಕೋಟಿವರೆಗೆ ಏರಿಸಿದರು. ಇಂಥ ಮಿತಿಗಳು ತಿದ್ದುಪಡಿಯಾಗುತ್ತಲೇ ಇರುತ್ತವೆ. ನೆನಪಿನಿಂದ ಬರೆಯಬೇಡಿ, ಪ್ರಕಟಣೆ ನೋಡಿ ಬರೆಯಿರಿ.

ನಿಮ್ಮ ಬರವಣಿಗೆಗೆ ಬೆಲೆ ಇರುವುದು ಎಲ್ಲಿ?

ಎಲ್ಲ ಟೆಂಡರ್‌ನಲ್ಲೂ ಬರವಣಿಗೆ ಗೆಲ್ಲಿಸುವುದಿಲ್ಲ. ರಸ್ತೆ, ಚರಂಡಿ, ಕಟ್ಟಡದಂಥ ಕಾಮಗಾರಿಗಳಲ್ಲಿ ಅರ್ಹತೆ ಇದ್ದವರ ಪೈಕಿ ಕಡಿಮೆ ದರ ಹಾಕಿದವರಿಗೆ, ಅಂದರೆ ಎಲ್1ಗೆ ಕೆಲಸ ಹೋಗುತ್ತದೆ. ಅಲ್ಲಿ ನಿಮ್ಮ ಕೆಲಸ ದಾಖಲೆಗಳನ್ನು ಒಂದೂ ತಪ್ಪಿಲ್ಲದೆ ಜೋಡಿಸುವುದು.

ಸಲಹಾ ಸೇವೆ, ಸಮೀಕ್ಷೆ, ಸಾಫ್ಟ್‌ವೇರ್, ಯೋಜನಾ ವರದಿ, ತರಬೇತಿ — ಇವುಗಳಲ್ಲಿ ಕ್ಯೂಸಿಬಿಎಸ್ ಪದ್ಧತಿ ಜಾಸ್ತಿ, ಅಂದರೆ ಗುಣಮಟ್ಟ ಮತ್ತು ದರ ಎರಡನ್ನೂ ನೋಡಿ ಆಯ್ಕೆ. ಗುಣಮಟ್ಟಕ್ಕೂ ಅಂಕ, ದರಕ್ಕೂ ಅಂಕ. ಇದರ ಲೆಕ್ಕ ಒಮ್ಮೆ ಕೈಯಾರೆ ಮಾಡಿ ನೋಡಿದರೆ ಈ ವೃತ್ತಿ ಏನು ಅಂತ ಅರ್ಥವಾಗುತ್ತದೆ.

ತಾಂತ್ರಿಕಕ್ಕೆ 70, ದರಕ್ಕೆ 30 ಅಂತ ತೂಕ ಇದೆ ಅಂದುಕೊಳ್ಳಿ. ಮೊದಲ ಕಂಪನಿಗೆ ತಾಂತ್ರಿಕ ಅಂಕ 90, ದರ 60 ಲಕ್ಷ. ಎರಡನೆಯದಕ್ಕೆ ತಾಂತ್ರಿಕ ಅಂಕ 75, ದರ 45 ಲಕ್ಷ. ಅತಿ ಕಡಿಮೆ ದರಕ್ಕೆ 100 ಅಂಕ. ಉಳಿದವರಿಗೆ ಕಡಿಮೆ ದರವನ್ನು ಅವರ ದರದಿಂದ ಭಾಗಿಸಿ 100ರಿಂದ ಗುಣಿಸುತ್ತಾರೆ. ಹಾಗಾಗಿ ಎರಡನೆಯ ಕಂಪನಿಗೆ ದರದ ಅಂಕ 100, ಮೊದಲನೆಯದಕ್ಕೆ 75. ಒಟ್ಟು ನೋಡಿ: ಮೊದಲನೆಯದಕ್ಕೆ 63 ಮತ್ತು 22.5 ಸೇರಿ 85.5. ಎರಡನೆಯದಕ್ಕೆ 52.5 ಮತ್ತು 30 ಸೇರಿ 82.5. 15 ಲಕ್ಷ ಜಾಸ್ತಿ ಕೇಳಿದ ಕಂಪನಿಯೇ ಗೆದ್ದಿತು. ತೂಕ 30:70 ಆಗಿದ್ದರೆ ಇದೇ ಕಂಪನಿ 79.5ಕ್ಕೆ 92.5ರ ಅಂತರದಲ್ಲಿ ಸೋಲುತ್ತಿತ್ತು.

ಆದ್ದರಿಂದ ಟೆಂಡರ್ ಕೈಗೆ ಬಂದ ಕೂಡಲೇ ತೂಕ ಎಷ್ಟಿದೆ ನೋಡಿ. ಎಷ್ಟು ದಿನ ಬರವಣಿಗೆಗೆ ಕೊಡಬೇಕು, ಎಷ್ಟು ದಿನ ದರದ ಲೆಕ್ಕಕ್ಕೆ ಕೊಡಬೇಕು ಅನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಹೆಜ್ಜೆ 1: ಓದುವ ಕ್ರಮ, ಹಾಕಬೇಕೋ ಬೇಡವೋ

ಇನ್ನೂರು ಪುಟದ ಕಡತವನ್ನು ಮೊದಲ ಪುಟದಿಂದ ಓದಬೇಡಿ. ಮೊದಲು ದಿನಾಂಕಗಳು: ಪ್ರಿ-ಬಿಡ್ ಸಭೆ (ಬಿಡ್ ಹಾಕುವ ಮುಂಚೆ ಇಲಾಖೆ ಪ್ರಶ್ನೆಗಳಿಗೆ ಉತ್ತರಿಸುವ ಸಭೆ) ಯಾವಾಗ, ಪ್ರಶ್ನೆ ಕಳಿಸಲು ಕೊನೆಯ ದಿನ ಯಾವುದು, ಬಿಡ್ ಸಲ್ಲಿಸಲು ಕೊನೆಯ ಗಂಟೆ ಯಾವುದು. ಆಮೇಲೆ ಅರ್ಹತಾ ಷರತ್ತು. ಆಮೇಲೆ ಅಂಕ ಹಂಚಿಕೆಯ ಕೋಷ್ಟಕ. ನಂತರ ಕೆಲಸದ ವ್ಯಾಪ್ತಿ, ಪಾವತಿ ಕಂತು, ದಂಡದ ಷರತ್ತು. ಸಾಮಾನ್ಯ ಷರತ್ತುಗಳು ಕೊನೆಗೆ, ಆದರೆ ಅವನ್ನೂ ಬಿಡಬೇಡಿ.

ಅರ್ಹತೆ ಓದುವಾಗ ಒಂದೊಂದು ಪದವನ್ನೂ ನಿಧಾನವಾಗಿ ಓದಿ. ‘ಕಳೆದ ಮೂರು ಆರ್ಥಿಕ ವರ್ಷಗಳ ಸರಾಸರಿ ವಹಿವಾಟು’ ಬೇರೆ, ‘ಪ್ರತಿ ವರ್ಷದ ವಹಿವಾಟು’ ಬೇರೆ. ‘ಇಂಥದೇ ಕೆಲಸ’ ಅಂದರೆ ಏನು ಅಂತ ಅವರು ಕೊಟ್ಟ ವಿವರಣೆಯೇ ಅಂತಿಮ. ‘ಪೂರ್ಣಗೊಂಡ ಕೆಲಸ’ ಅಂತಿದ್ದರೆ ನಡೆಯುತ್ತಿರುವ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡ ಕಾಮಗಾರಿಗಳಿಗೆ ಇನ್ನೊಂದು ಪರೀಕ್ಷೆ ಇದೆ: ಬಿಡ್ ಸಾಮರ್ಥ್ಯ, ಅಂದರೆ ನೀವು ಎಷ್ಟು ಮೊತ್ತದ ಕೆಲಸ ಹೊರಬಲ್ಲಿರಿ ಅನ್ನುವ ಲೆಕ್ಕ. ಕರ್ನಾಟಕದ ಪ್ರಮಾಣಿತ ಟೆಂಡರ್ ಕಡತ ಕೆಡಬ್ಲ್ಯೂ-4ರಲ್ಲಿ ಇದರ ಸೂತ್ರ ಹೀಗಿದೆ: ಎ × ಎನ್ × 1.5 − ಬಿ. ‘ಎ’ ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದೇ ಒಂದು ವರ್ಷ ಮಾಡಿದ ಅತಿ ಹೆಚ್ಚು ಕಾಮಗಾರಿಯ ಮೌಲ್ಯ, ಇಂದಿನ ಬೆಲೆಗೆ ತಂದದ್ದು. ‘ಎನ್’ ಈ ಕೆಲಸಕ್ಕೆ ಕೊಟ್ಟಿರುವ ವರ್ಷ. ‘ಬಿ’ ಆ ಅವಧಿಯಲ್ಲಿ ಕೈಯಲ್ಲಿ ಬಾಕಿ ಇರುವ ಕೆಲಸದ ಮೌಲ್ಯ. ಎ 8 ಕೋಟಿ, ಅವಧಿ 18 ತಿಂಗಳು, ಬಾಕಿ ಕೆಲಸ 6 ಕೋಟಿ ಇದ್ದರೆ 18ರಲ್ಲಿ 6 ಕಳೆದು 12 ಕೋಟಿ. ಟೆಂಡರ್ ಮೊತ್ತ 13 ಕೋಟಿ ಇದ್ದರೆ ಅಲ್ಲಿಗೆ ಮುಗಿಯಿತು. 1.5ರ ಬದಲು ಬೇರೆ ಗುಣಕ ಕೊಡುವ ಟೆಂಡರ್‌ಗಳೂ ಇವೆ, ನೋಡಿಕೊಳ್ಳಿ. ಬಾಕಿ ಕೆಲಸವನ್ನು ಕಡಿಮೆ ತೋರಿಸುವ ಆಸೆ ಕೆಲವರಿಗೆ ಬರುತ್ತದೆ. ಬೇಡವೇ ಬೇಡ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಇಎಂಡಿ ಮುಟ್ಟುಗೋಲು, ಮೇಲೆ ಕಪ್ಪುಪಟ್ಟಿ.

ಅರ್ಹತೆ ಇಲ್ಲ ಅಂತ ಗೊತ್ತಾದರೆ ಮಾಲೀಕರಿಗೆ ಅವತ್ತೇ ಹೇಳಿ. ‘ಹಾಕಿ ನೋಡೋಣ’ ಅನ್ನುವುದರಲ್ಲಿ ಹದಿನೈದು ದಿನ ಹೋಗುತ್ತದೆ, ಮುಂದಿನ ಒಳ್ಳೆಯ ಟೆಂಡರ್ ಕೈತಪ್ಪುತ್ತದೆ.

ಹೆಜ್ಜೆ 2: ಷರತ್ತುಗಳ ಕೋಷ್ಟಕ

ಎಕ್ಸೆಲ್‌ನಲ್ಲಿ ಐದು ಕಾಲಂ ಮಾಡಿ. ಷರತ್ತು ಏನು, ಕಡತದ ಯಾವ ಪುಟ, ಯಾವ ದಾಖಲೆ ಬೇಕು, ಯಾರು ತರಬೇಕು ಮತ್ತು ಯಾವಾಗ, ನಮ್ಮ ಬಿಡ್‌ನಲ್ಲಿ ಅದು ಯಾವ ಪುಟದಲ್ಲಿದೆ. ‘ಬೇಕು’, ‘ತಕ್ಕದ್ದು’, ‘ಕಡ್ಡಾಯ’ ಅನ್ನುವ ಅರ್ಥದ ಪ್ರತಿ ವಾಕ್ಯವೂ ಒಂದು ಸಾಲು. ನೂರಕ್ಕೂ ಜಾಸ್ತಿ ಸಾಲು ಆಗಬಹುದು, ಆಗಲಿ.

ಕೊನೆಯ ಕಾಲಂ ತುಂಬಿದ ಮೇಲೆ ಇದೇ ಕೋಷ್ಟಕವನ್ನು ಚಿಕ್ಕದು ಮಾಡಿ ಬಿಡ್‌ನ ಮೊದಲಿಗೇ ಹಾಕಿ. ಮೌಲ್ಯಮಾಪನ ಸಮಿತಿಯ ಮುಂದೆ ಹತ್ತಾರು ಬಿಡ್ ಇರುತ್ತವೆ. ಅವರು ತಮ್ಮ ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುತ್ತಾರೆ. ‘ಅನುಭವ ಪ್ರಮಾಣಪತ್ರ: ಪುಟ 47’ ಅಂತ ಕಂಡರೆ ನೇರ ಅಲ್ಲಿಗೆ ಹೋಗುತ್ತಾರೆ. ಅವರು ಹುಡುಕಬೇಕಾಗಿ ಬಂದ ಅಂಕ ಎಷ್ಟೋ ಸಲ ಸಿಗುವುದೇ ಇಲ್ಲ. ಈ ವೃತ್ತಿಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವ ಮಾತು ಇದು: ಅಂಕ ಕೊಡುವವರಿಗೆ ಹುಡುಕುವ ಕೆಲಸ ಕೊಡಬೇಡಿ.

ಹೆಜ್ಜೆ 3: ಪ್ರಿ-ಬಿಡ್ ಪ್ರಶ್ನೆ

ಗೊಂದಲ ಇದ್ದರೆ ಕೇಳಲು ಇರುವ ಅವಕಾಶ ಇದು. ಆಮೇಲೆ ಫೋನ್ ಮಾಡಿ ಕೇಳಿದ ಉತ್ತರಕ್ಕೆ ಬೆಲೆ ಇಲ್ಲ. ಲಿಖಿತ ಉತ್ತರ ಅಥವಾ ತಿದ್ದೋಲೆ (ಟೆಂಡರ್‌ಗೆ ಇಲಾಖೆ ಹೊರಡಿಸುವ ತಿದ್ದುಪಡಿ) ಬಂದರೆ ಮಾತ್ರ ಅದು ಟೆಂಡರ್‌ನ ಭಾಗ.

ಪ್ರಶ್ನೆಯನ್ನು ದೂರಿನ ಹಾಗೆ ಬರೆಯಬೇಡಿ. ‘ಈ ಷರತ್ತು ಅನ್ಯಾಯ, ತೆಗೆಯಿರಿ’ ಅಂದರೆ ‘ಟೆಂಡರ್‌ನಂತೆ’ ಅಂತ ಒಂದು ಪದದ ಉತ್ತರ ಬರುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: ‘ಪುಟ 22, ಷರತ್ತು 4.3. ಒಂದೇ ಕಾರ್ಯಾದೇಶದಲ್ಲಿ 20,000 ಆಸ್ತಿಗಳ ಸಮೀಕ್ಷೆ ಮಾಡಿರಬೇಕು ಎಂದಿದೆ. ಈ ಟೆಂಡರ್‌ನ ಒಟ್ಟು ಆಸ್ತಿಗಳು 18,000. ಇಷ್ಟೇ ಅಳತೆಯ ಅನುಭವವನ್ನು ಎರಡು ಕಾರ್ಯಾದೇಶಗಳಿಂದ ಒಟ್ಟುಗೂಡಿಸಿ ತೋರಿಸಲು ಅವಕಾಶ ಕೊಟ್ಟರೆ ಹೆಚ್ಚು ಸಂಸ್ಥೆಗಳು ಭಾಗವಹಿಸಬಹುದು.’ ಪುಟ ಇದೆ, ಕಾರಣ ಇದೆ, ಬದಲಿ ಸಲಹೆ ಇದೆ, ಇಲಾಖೆಗೆ ಲಾಭವೂ ಕಾಣುತ್ತದೆ. ಅಧಿಕಾರಿ ಕಡತದಲ್ಲಿ ಟಿಪ್ಪಣಿ ಬರೆಯಲು ಇಷ್ಟು ಬೇಕು.

ತಿದ್ದೋಲೆ ಬಂದಿದೆಯಾ ಅಂತ ಪೋರ್ಟಲ್‌ನಲ್ಲಿ ದಿನಾ ನೋಡಿ. ಕೊನೆಯ ದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ.

ಹೆಜ್ಜೆ 4: ದಾಖಲೆಗಳ ಗಂಟು

ಟೆಂಡರ್ ಬಂದ ಮೇಲೆ ದಾಖಲೆ ಹುಡುಕಲು ಹೊರಟರೆ ತಡವಾಗುತ್ತದೆ. ಪ್ರತಿ ಕಂಪನಿಗೂ ಒಂದು ಫೋಲ್ಡರ್ ಯಾವಾಗಲೂ ಸಿದ್ಧ ಇರಲಿ: ನೋಂದಣಿ ಪ್ರಮಾಣಪತ್ರ, ಪ್ಯಾನ್, ಜಿಎಸ್‌ಟಿ, ಆದಾಯ ತೆರಿಗೆ ರಿಟರ್ನ್, ಲೆಕ್ಕಪರಿಶೋಧನೆಯಾದ ಬ್ಯಾಲೆನ್ಸ್ ಶೀಟ್, ಪಿಎಫ್ ಮತ್ತು ಇಎಸ್‌ಐ ನೋಂದಣಿ, ಸಹಿ ಮಾಡುವವರ ಅಧಿಕಾರ ಪತ್ರ.

ಎರಡು ದಾಖಲೆಗಳ ಮೇಲೆ ವಿಶೇಷ ಗಮನ ಬೇಕು. ಒಂದು, ಲೆಕ್ಕಪರಿಶೋಧಕರು ಕೊಡುವ ವಹಿವಾಟು ಪ್ರಮಾಣಪತ್ರ. ಚಾರ್ಟರ್ಡ್ ಅಕೌಂಟೆಂಟ್ ಕೊಡುವ ಪ್ರಮಾಣಪತ್ರಗಳಿಗೆ 2019ರ ಫೆಬ್ರವರಿಯಿಂದ ಯುಡಿಐಎನ್ ಅನ್ನುವ ಗುರುತಿನ ಸಂಖ್ಯೆ ಕಡ್ಡಾಯ. 18 ಅಂಕೆ, ಅಕ್ಷರಗಳ ಆ ಸಂಖ್ಯೆಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ನೀವೇ ಪರಿಶೀಲಿಸಿ.

ಇನ್ನೊಂದು, ಕೆಲಸ ಮುಗಿಸಿದ ಪ್ರಮಾಣಪತ್ರ. ಕಾರ್ಯಾದೇಶ ಇದ್ದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಕೆಲಸ ಸಿಕ್ಕಿತ್ತು ಅನ್ನುವುದಕ್ಕೆ ಕಾರ್ಯಾದೇಶ ಸಾಕ್ಷಿ. ಮುಗಿಸಿದ್ದೀರಿ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು. ಅದರಲ್ಲಿ ಕೆಲಸದ ಹೆಸರು, ಮೊತ್ತ, ಶುರುವಾದ ಮತ್ತು ಮುಗಿದ ದಿನಾಂಕ, ಅಧಿಕಾರಿಯ ಸಹಿ ಮತ್ತು ಮೊಹರು ಇರಲೇಬೇಕು. ಕೊನೆಯ ಬಿಲ್ ಪಾವತಿಯಾದ ವಾರವೇ ಇದನ್ನು ಕೇಳಿ ಪಡೆಯಿರಿ. ಅಧಿಕಾರಿ ವರ್ಗವಾಗಿ ಹೋದ ಮೇಲೆ ಆ ಕಡತ ಹುಡುಕಿಸುವುದು ಎಷ್ಟು ಕಷ್ಟ ಅಂತ ಕಚೇರಿ ಸುತ್ತಿದವರಿಗೆ ಗೊತ್ತು.

ಇಎಂಡಿಗೆ ಬ್ಯಾಂಕ್ ಗ್ಯಾರಂಟಿ ಕೊಡುವುದಾದರೆ ಅವಧಿ ನೋಡಿ. ಕೇಂದ್ರದ ನಿಯಮದಲ್ಲಿ ಬಿಡ್‌ನ ಮಾನ್ಯತೆ ಮುಗಿದ ಮೇಲೂ 45 ದಿನ ಅದು ಜೀವಂತ ಇರಬೇಕು. ಬ್ಯಾಂಕಿನವರು ತಮ್ಮ ನಮೂನೆ ಕೊಡುತ್ತಾರೆ, ಟೆಂಡರ್‌ನ ನಮೂನೆಯಲ್ಲೇ ಬೇಕು ಅಂತ ಹಟ ಹಿಡಿಯಿರಿ.

ಹೆಜ್ಜೆ 5: ತಾಂತ್ರಿಕ ಪ್ರಸ್ತಾವನೆ ಬರೆಯುವುದು

ವಿಶ್ವಬ್ಯಾಂಕ್ ನೆರವಿನ ಸಲಹಾ ಟೆಂಡರ್‌ಗಳಲ್ಲಿ ನಮೂನೆಗಳು ಟೆಕ್-1ರಿಂದ ಟೆಕ್-6ರವರೆಗೆ ಇರುತ್ತವೆ: ಪತ್ರ, ಸಂಸ್ಥೆಯ ಅನುಭವ, ಕೆಲಸದ ವ್ಯಾಪ್ತಿಯ ಬಗ್ಗೆ ನಮ್ಮ ಸಲಹೆ, ಕೆಲಸದ ವಿಧಾನ, ವೇಳಾಪಟ್ಟಿ, ತಂಡ. ಬೇರೆ ಟೆಂಡರ್‌ಗಳಲ್ಲೂ ಹೆಚ್ಚುಕಡಿಮೆ ಇದೇ ಸಾಮಗ್ರಿ. ನಿಮ್ಮ ತಲೆಬರಹಗಳು ಅಂಕ ಹಂಚಿಕೆಯ ಕೋಷ್ಟಕದ ತಲೆಬರಹಗಳೇ ಆಗಿರಲಿ, ಅದೇ ಕ್ರಮದಲ್ಲಿ. ಅಂಕ ಜಾಸ್ತಿ ಇರುವ ಕಡೆ ಪುಟ ಜಾಸ್ತಿ.

ಒಂದು ಪುರಸಭೆ ಊರಿನ ಆಸ್ತಿಗಳ ಮನೆಮನೆ ಸಮೀಕ್ಷೆಗೆ ಏಜೆನ್ಸಿ ಕರೆದಿದೆ ಅಂದುಕೊಳ್ಳಿ. ಬಹಳ ಪ್ರಸ್ತಾವನೆಗಳಲ್ಲಿ ವಿಧಾನದ ಭಾಗ ಹೀಗಿರುತ್ತದೆ: ‘ನಮ್ಮ ಸಂಸ್ಥೆ ಅತ್ಯಾಧುನಿಕ ತಂತ್ರಜ್ಞಾನ ಮತ್ತು ನುರಿತ ತಂಡದೊಂದಿಗೆ ಗುಣಮಟ್ಟದ ಸಮೀಕ್ಷೆಯನ್ನು ಸಮಯಕ್ಕೆ ಸರಿಯಾಗಿ ಪೂರೈಸುತ್ತದೆ.’ ಇದನ್ನು ಯಾವ ಊರಿಗೂ ಯಾವ ಕೆಲಸಕ್ಕೂ ಹಾಕಬಹುದು. ಅಂಕ ಕೊಡಲು ಇದರಲ್ಲಿ ಏನೂ ಇಲ್ಲ.

ಹೀಗೆ ಬರೆದರೆ?

‘ಟೆಂಡರ್ ಪ್ರಕಾರ 18,000 ಆಸ್ತಿಗಳಿವೆ. ಒಬ್ಬ ಸಮೀಕ್ಷಕ ದಿನಕ್ಕೆ 25 ಆಸ್ತಿ ಮುಗಿಸುತ್ತಾರೆ. 12 ಸಮೀಕ್ಷಕರು ದಿನಕ್ಕೆ 300 ಆಸ್ತಿ ನೋಡಿದರೆ 60 ಕೆಲಸದ ದಿನ ಬೇಕು. ಬೀಗ ಹಾಕಿದ ಮನೆಗಳಿಗೆ ಚೀಟಿ ಅಂಟಿಸಿ ಭಾನುವಾರ ಎರಡನೇ ಸಲ ಭೇಟಿ ಕೊಡುತ್ತೇವೆ. ಪ್ರತಿ ವಾರ್ಡ್‌ನಲ್ಲಿ 5% ಆಸ್ತಿಗಳನ್ನು ಮೇಲ್ವಿಚಾರಕರು ಮತ್ತೆ ಅಳೆಯುತ್ತಾರೆ. ವ್ಯತ್ಯಾಸ ಕಂಡ ಬೀದಿಯನ್ನು ಪೂರ್ತಿ ಮರುಸಮೀಕ್ಷೆ ಮಾಡುತ್ತೇವೆ. ಮಾಹಿತಿಯನ್ನು ಇ-ಆಸ್ತಿ ತಂತ್ರಾಂಶಕ್ಕೆ ಹೊಂದುವ ರೂಪದಲ್ಲಿ ವಾರ್ಡ್‌ವಾರು ಕೊಡುತ್ತೇವೆ.’

ಇಲ್ಲಿ ಒಂದೂ ಹೊಗಳಿಕೆಯ ಪದ ಇಲ್ಲ. ಆದರೆ ಇವರಿಗೆ ಕೆಲಸ ಗೊತ್ತು ಅಂತ ಮುಖ್ಯಾಧಿಕಾರಿಗೆ ತಕ್ಷಣ ತಿಳಿಯುತ್ತದೆ. ಇದನ್ನು ಕಚೇರಿಯಲ್ಲಿ ಕೂತು ಬರೆಯಲು ಆಗುವುದಿಲ್ಲ. ಕಂಪನಿಯಲ್ಲಿ ಸಮೀಕ್ಷೆ ಮಾಡಿದ ಹುಡುಗರನ್ನೇ ಕೂರಿಸಿ ಕೇಳಿ: ದಿನಕ್ಕೆ ಎಷ್ಟು ಮನೆ ಆಗುತ್ತೆ? ಎಲ್ಲಿ ತಡ ಆಗುತ್ತೆ? ಜನ ಏನು ಕೇಳ್ತಾರೆ? ಅವರ ಉತ್ತರವೇ ನಿಮ್ಮ ವಿಧಾನದ ಅಧ್ಯಾಯ. ಸಾಧ್ಯವಾದರೆ ಒಮ್ಮೆ ಆ ಊರಿಗೆ ಹೋಗಿ ಬನ್ನಿ.

ಇನ್ನೊಂದು ಎಚ್ಚರ. ಗೆದ್ದರೆ ನಿಮ್ಮ ಪ್ರಸ್ತಾವನೆಯೂ ಸಾಮಾನ್ಯವಾಗಿ ಒಪ್ಪಂದದ ಭಾಗವಾಗುತ್ತದೆ. 12 ಜನ ಅಂತ ಬರೆದರೆ 12 ಜನರನ್ನು ಇಳಿಸಲೇಬೇಕು. ಹಾಗಾಗಿ ಬರೆದ ಪ್ರತಿ ಸಂಖ್ಯೆಯನ್ನೂ ದರ ಹಾಕುವವರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ.

ಸಿವಿಗಳ ವಿಷಯ. ತಂಡಕ್ಕೆ ಬಹಳ ಸಲ ದೊಡ್ಡ ಪಾಲು ಅಂಕ ಇರುತ್ತದೆ. ವ್ಯಕ್ತಿಯ ಹಳೆಯ ಸಿವಿಯನ್ನು ಹಾಗೇ ಅಂಟಿಸಬೇಡಿ. ಟೆಂಡರ್ ‘ಹತ್ತು ವರ್ಷ ಅನುಭವ, ಅದರಲ್ಲಿ ಐದು ವರ್ಷ ನಗರ ಯೋಜನೆ’ ಅಂದಿದ್ದರೆ ಮೊದಲ ಸಾಲಿನಲ್ಲೇ ಅದು ಕಾಣಲಿ, ತಿಂಗಳು ಮತ್ತು ವರ್ಷದ ಸಮೇತ. ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ ಅವರ ಸಿವಿ ಬಳಸುವುದು ಮೋಸ. ಒಬ್ಬರ ಸಿವಿ ಎರಡು ಕಂಪನಿಗಳ ಬಿಡ್‌ನಲ್ಲಿ ಕಂಡರೆ ಎರಡಕ್ಕೂ ತೊಂದರೆ.

ಹೆಜ್ಜೆ 6: ದರ

ದರದ ಲೆಕ್ಕ ಕಂಪನಿಯವರದು, ಪರಿಶೀಲನೆ ನಿಮ್ಮದು. ತಾಂತ್ರಿಕ ಬಿಡ್ ಮತ್ತು ದರವನ್ನು ಬೇರೆ ಬೇರೆಯಾಗಿ ಕೊಡುವ ಎರಡು ಲಕೋಟೆ ಪದ್ಧತಿಯಲ್ಲಿ ತಾಂತ್ರಿಕ ಬಿಡ್‌ನ ಯಾವ ಮೂಲೆಯಲ್ಲೂ ದರದ ಸುಳಿವು ಇರಬಾರದು. ಇದ್ದರೆ ತಿರಸ್ಕಾರ. ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಕಡತದಲ್ಲಿ ನೋಡಿ. ಸಿಬ್ಬಂದಿ ಪೂರೈಕೆ ಟೆಂಡರ್ ಆದರೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಮೊತ್ತಕ್ಕಿಂತ ಕೆಳಗೆ ಹೋಗಬೇಡಿ. ಆ ದುಡ್ಡು ಕಾರ್ಮಿಕರದು.

ದರದ ಬಗ್ಗೆ ಬೇರೆ ಬಿಡ್‌ದಾರರ ಜೊತೆ ಮಾತಾಡಿಕೊಳ್ಳುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ನಿಷಿದ್ಧ. ‘ಇನ್ನೆರಡು ಡಮ್ಮಿ ಬಿಡ್ ನೀವೇ ತಯಾರು ಮಾಡಿಕೊಡಿ’ ಅಂತ, ಅಂದರೆ ಸ್ಪರ್ಧೆ ಇದೆ ಅಂತ ತೋರಿಸಲು ಬೇರೆ ಹೆಸರಿನಲ್ಲಿ ಸುಳ್ಳು ಬಿಡ್ ಮಾಡಿಕೊಡಿ ಅಂತ, ನಿಮ್ಮನ್ನು ಕೇಳುವವರು ಸಿಗುತ್ತಾರೆ. ಆ ಗಿರಾಕಿಯನ್ನು ಬಿಟ್ಟುಬಿಡಿ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಲಂಚ ಕೊಡುವುದೂ ನೇರ ಅಪರಾಧ.

ಹೆಜ್ಜೆ 7: ಅಪ್‌ಲೋಡ್

ಡಿಜಿಟಲ್ ಸಹಿ ಬೇಕು, ಕ್ಲಾಸ್ 3. ಕ್ಲಾಸ್ 2 ಸಹಿ ಕೊಡುವುದು 2021ರ ಜನವರಿಯಿಂದ ನಿಂತಿದೆ. ಸಹಿ ಇರುವ ಯುಎಸ್‌ಬಿ ಟೋಕನ್‌ನ ಅವಧಿ ಮುಗಿದಿಲ್ಲ, ಪಿನ್ ನೆನಪಿದೆ, ಕಂಪ್ಯೂಟರ್‌ಗೆ ಅದು ಸಿಗುತ್ತಿದೆ ಅನ್ನುವುದನ್ನು ವಾರ ಮುಂಚೆ ನೋಡಿಕೊಳ್ಳಿ. ಎಲ್ಲ ಪುಟಗಳಿಗೂ ಸಂಖ್ಯೆ ಹಾಕಿ, ಸ್ಕ್ಯಾನ್ ಓದಲು ಬರುವಂತಿರಲಿ, ಫೈಲ್ ಗಾತ್ರ ಮಿತಿಯೊಳಗೆ ಇರಲಿ. ಫೈಲ್‌ಗಳ ಹೆಸರಿನಲ್ಲೇ ಒಳಗೇನಿದೆ ಅಂತ ತಿಳಿಯಲಿ.

ಹಿಂದಿನ ದಿನವೇ ಸಲ್ಲಿಸಿ. ಕೊನೆಯ ಗಂಟೆಯಲ್ಲಿ ಸರ್ವರ್ ನಿಧಾನವಾದರೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಇಎಂಡಿ ಪಾವತಿ ಬ್ಯಾಂಕಿನಿಂದ ಪೋರ್ಟಲ್‌ಗೆ ತಲುಪಲೂ ಸಮಯ ಹಿಡಿಯಬಹುದು. ಸ್ವೀಕೃತಿಯನ್ನು ಉಳಿಸಿಕೊಳ್ಳಿ.

ಸಲ್ಲಿಸಿದ ಮೇಲೆ

ಸ್ಪಷ್ಟನೆ ಕೇಳಿ ಪತ್ರ ಬಂದರೆ ಕೇಳಿದ್ದಕ್ಕೆ ಮಾತ್ರ, ಕೊಟ್ಟ ಗಡುವಿನೊಳಗೆ ಉತ್ತರ ಕೊಡಿ. ಅನ್ಯಾಯವಾಗಿದೆ ಅನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಕಲಮಿನಡಿ ಮೇಲ್ಮನವಿ ಇದೆ. ಟೆಂಡರ್ ಅಂಗೀಕಾರದ ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಸಿಟ್ಟಿನ ಪತ್ರ ಬರೆಯಬೇಡಿ. ಯಾವ ಷರತ್ತು, ನಮ್ಮ ಬಿಡ್‌ನ ಯಾವ ಪುಟ, ಅವರು ಕೊಟ್ಟ ಕಾರಣ ಯಾಕೆ ತಪ್ಪು, ಇಷ್ಟು ಸಾಕು.

ಸೋತರೆ ಅಂಕಗಳ ವಿವರ ಪಡೆಯಲೇಬೇಕು. ಪೋರ್ಟಲ್‌ನಲ್ಲಿ ಕಾಣದಿದ್ದರೆ ಪ್ರಕ್ರಿಯೆ ಮುಗಿದ ಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಬೇರೆ ಕಂಪನಿಯ ವ್ಯಾಪಾರ ರಹಸ್ಯ ಕೊಡುವುದಿಲ್ಲ, ಆದರೆ ನಿಮಗೆ ಬಂದ ಅಂಕಗಳನ್ನು ಕೇಳಲು ಹಿಂಜರಿಯಬೇಡಿ. ವಿಧಾನಕ್ಕೆ 30ರಲ್ಲಿ 14 ಬಂದಿದ್ದರೆ ಮುಂದಿನ ಸಲ ಎಲ್ಲಿ ದುಡಿಯಬೇಕು ಅಂತ ಗೊತ್ತಾಗುತ್ತದೆ, ಅಲ್ವಾ?

ಕೆಲಸ ಶುರು ಮಾಡುವುದು, ದುಡ್ಡು ಕೇಳುವುದು

ಕಲಿಯಲು ದುಡ್ಡು ಕೊಡಬೇಕಾಗಿಲ್ಲ. ಪೋರ್ಟಲ್‌ಗಳಲ್ಲಿ ಸಿಗುವ ಟೆಂಡರ್ ಕಡತಗಳನ್ನು ಇಳಿಸಿಕೊಳ್ಳಿ. ನಿಮಗೆ ಗೊತ್ತಿರುವ ಒಂದು ಕ್ಷೇತ್ರ ಆರಿಸಿಕೊಳ್ಳಿ: ನೀರು ಸರಬರಾಜು, ಶಿಕ್ಷಣ, ಆರೋಗ್ಯ, ಐಟಿ, ಯಾವುದಾದರೂ ಸರಿ. ಷರತ್ತುಗಳ ಕೋಷ್ಟಕ ಮಾಡಿ, ವಿಧಾನದ ಅಧ್ಯಾಯ ಬರೆದು ನೋಡಿ. ಅದೇ ಇಲಾಖೆಯ ಮೂರು ನಾಲ್ಕು ಕಡತ ಓದಿದರೆ ಅವರು ಪದೇ ಪದೇ ಏನು ಕೇಳುತ್ತಾರೆ ಅನ್ನುವುದು ಕೈಗೆ ಬರುತ್ತದೆ. ಆಮೇಲೆ ಒಂದು ಸಣ್ಣ ಕಂಪನಿಗೆ ಈ ಮಾದರಿ ತೋರಿಸಿ ಕೆಲಸ ಕೇಳಿ.

ಸಂಭಾವನೆಯನ್ನು ಗೆಲುವಿಗೆ ಮಾತ್ರ ಕಟ್ಟಬೇಡಿ. ‘ಕೆಲಸ ಸಿಕ್ಕರೆ ಇಷ್ಟು ಪರ್ಸೆಂಟ್’ ಅನ್ನುವ ಮಾತಿಗೆ ಒಪ್ಪಿಕೊಂಡರೆ ಹೇಗಾದರೂ ಗೆಲ್ಲಬೇಕು ಅನ್ನುವ ಒತ್ತಡ ನಿಮ್ಮ ಮೇಲೇ ಬರುತ್ತದೆ, ಸುಳ್ಳು ದಾಖಲೆಗೆ ಕಣ್ಣು ಮುಚ್ಚುವುದು ಅಲ್ಲಿಂದಲೇ ಶುರು. ಟೆಂಡರ್‌ನ ಗಾತ್ರ ನೋಡಿ ಒಂದು ಮೊತ್ತ ಹೇಳಿ. ಅರ್ಧ ಮುಂಗಡ, ಉಳಿದದ್ದು ಅಪ್‌ಲೋಡ್ ಆದ ದಿನ. ದಾಖಲೆಗಳ ಸತ್ಯಾಸತ್ಯತೆಗೆ ಕಂಪನಿಯೇ ಹೊಣೆ ಅನ್ನುವ ಸಾಲನ್ನು ಮೊದಲ ಇಮೇಲ್‌ನಲ್ಲೇ ಬರೆದು ಅವರಿಂದ ‘ಒಪ್ಪಿದೆ’ ಅನ್ನುವ ಉತ್ತರ ತರಿಸಿಕೊಂಡ ಮೇಲೆ ಕೆಲಸ ಶುರು ಮಾಡಿ.